ಯಾರ ಮನೆ ಕೂಸು

ಎಪ್ಪತ್ತಮೂರನೇ ವಯಸ್ಸಿನಲ್ಲಿ ನನಗೆ ಒಬ್ಬ ಟೈಲರ್ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಬಂತು. ಬಂದು ಹೋಗಲಿಲ್ಲ, ಉಳಿಯಿತು. ಈ ವಯಸ್ಸಿಗೆ ಮೊಣಕಾಲು ನೋವು ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಅವಕ್ಕೆಲ್ಲ ಡಾಕ್ಟರ ಹತ್ತಿರ ಏನಾದರೂ ಒಂದು ಉಂಟು. ಇದಕ್ಕೆ ಯಾರ ಹತ್ತಿರ ಹೋಗುವುದು? ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೊಟ್ಟೆಕಿಚ್ಚು ಮಹಾಪಾಪ ಎಂದು ಕಲಿಸಿದ್ದರು. ಬೇರೆ ಮಹಾಪಾಪಗಳನ್ನು ಮಾಡುವುದಕ್ಕೆ ನನಗೆ ಪುರಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಇದೊಂದನ್ನು ಮಾತ್ರ ಕೂತಲ್ಲೇ ಮಾಡಬಹುದು ನೋಡಿ.

ನಾನು ಬಾಳಗಡಿಯಲ್ಲಿರುವವಳು. ಕೊಪ್ಪದ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಮದುವೆ ಆಗಲಿಲ್ಲ, ಅದರ ಬಗ್ಗೆ ಇಲ್ಲಿ ಹೇಳುವಂಥದ್ದೇನೂ ಇಲ್ಲ. ಮೂರ್ನಾಲ್ಕು ವರ್ಷದ ಹಿಂದೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಕಡೆಯಿಂದ ಒಬ್ಬರು ಫೋನ್ ಮಾಡಿ, "ಮೇಡಂ, ನೀವು ಸಪೋರ್ಟ್ ಪರ್ಸನ್ ಆಗ್ತೀರಾ?" ಎಂದು ಕೇಳಿದರು. ಹಾಗಂದರೇನು ಎಂದು ನಾನು ಕೇಳಿದೆ. ಲೈಂಗಿಕ ದೌರ್ಜನ್ಯಕ್ಕೆ, ಮಾರಾಟಕ್ಕೆ ಒಳಗಾದ ಮಗುವಿನ ಕೇಸು ಕೋರ್ಟಿನಲ್ಲಿರುವಾಗ, ಮೊದಲಿನಿಂದ ಕೊನೆಯವರೆಗೆ ಆ ಮಗುವಿನ ಜೊತೆ ಇರುವವರು. ವಕೀಲರಲ್ಲ, ಪೊಲೀಸರಲ್ಲ, ನೆಂಟರೂ ಅಲ್ಲ. ಮುಂದೆ ಏನಾಗುತ್ತದೆ ಎಂದು ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳುವವರು, ಕರೆದಲ್ಲಿಗೆ ಜೊತೆಯಲ್ಲಿ ಹೋಗುವವರು. ನಾನು ಆ ಕ್ಷಣವೇ ಒಪ್ಪಿದೆ. ಯಾಕೆ ಅಷ್ಟು ಬೇಗ ಒಪ್ಪಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಟ್ರೇನಿಂಗ್ ಎಂದು ಎರಡು ದಿನ ಕೂರಿಸಿದರು. ಕಾನೂನಿನ ಪುಸ್ತಕವನ್ನೂ ಕೊಟ್ಟರು. ಪರೀಕ್ಷೆಗೆ ಓದುವವಳ ಹಾಗೆ ಪೆನ್ಸಿಲ್ ಹಿಡಿದು ಓದಿದೆ. ಓದುತ್ತ ಓದುತ್ತ ಆಶ್ಚರ್ಯವಾಯಿತು. ಪೊಲೀಸರು ಯೂನಿಫಾರ್ಮ್ ಹಾಕಿಕೊಂಡು ಬಂದು ಮಗುವಿನ ಹೇಳಿಕೆ ಬರೆದುಕೊಳ್ಳುವಂತಿಲ್ಲ. ಮಗು ಎಲ್ಲಿರುತ್ತದೋ ಅಲ್ಲಿಗೇ ಬರಬೇಕು, ಆದಷ್ಟೂ ಹೆಣ್ಣು ಅಧಿಕಾರಿಯೇ ಬರಬೇಕು. ಕೋರ್ಟಿನಲ್ಲಿ ಆರೋಪಿಯ ಮುಖ ಮಗುವಿಗೆ ಕಾಣದ ಹಾಗೆ ಪರದೆ ಇರಬೇಕು. ವಕೀಲರು ತಮ್ಮ ಪ್ರಶ್ನೆಯನ್ನು ಜಡ್ಜ್ ಕೈಗೆ ಕೊಡಬೇಕು, ಜಡ್ಜ್ ಅದನ್ನು ಮಗುವಿಗೆ ಕೇಳಬೇಕು. "ಅವಳೇ ಒಪ್ಪಿ ಹೋಗಿದ್ದಂತೆ" ಎನ್ನುವ ನಮ್ಮೂರಿನ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಹದಿನೆಂಟು ತುಂಬದ ಮಗುವಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮುಚ್ಚಿದ ಬಾಗಿಲಿನ ಒಳಗೆ ಮಗುವಿನ ಪಕ್ಕದಲ್ಲಿ "ಮಗುವಿಗೆ ನಂಬಿಕೆ ವಿಶ್ವಾಸವಿರುವ ವ್ಯಕ್ತಿ" ಕೂರಬಹುದು ಎಂದೂ ಇತ್ತು. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಅದು ನಾನೇ ಎಂದು ನನಗೆ ಡೌಟೇ ಇರಲಿಲ್ಲ.

ಆಮೇಲೆ ಸಿಕ್ಕಿದವಳು ಈ ಹುಡುಗಿ. ಹದಿನೈದು ವರ್ಷ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಯಾವುದೋ ಒಂದು ಮೂಲೆಯವಳು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ಹೇಳಿದ್ದರಲ್ಲೂ ಕೆಲವನ್ನು ಬೇಕೆಂದೇ ಬದಲಿಸಿದ್ದೇನೆ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಕೊಡಿಸುತ್ತೇನೆ ಎಂದು ಗುರುತಿನ ಹೆಂಗಸೊಬ್ಬಳು ಅವಳನ್ನು ದೂರದ ಪೇಟೆಗೆ ಕರೆದುಕೊಂಡು ಹೋಗಿ ಮಾರಿದ್ದಳು. ಮಾರಿದ್ದಳು ಎಂಬ ಶಬ್ದಕ್ಕೆ ನಿಲ್ಲಿಸುತ್ತೇನೆ. ಪೊಲೀಸರು ಹುಡುಕಿ ತಂದರು. ಸಮಿತಿಯವರು ಎಲ್ಲ ವಿಚಾರಿಸಿ, ಅವಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಮಾರಿದವಳು ಜೈಲಿನಲ್ಲಿದ್ದಳು. ಹುಡುಗಿ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದರೆ ಕೇಸು ಗಟ್ಟಿ. ಹೇಳದಿದ್ದರೆ ಆ ಹೆಂಗಸು ಹೊರಗೆ ಬರುತ್ತಾಳೆ, ಇನ್ನೊಂದು ಮನೆಯ ಬಾಗಿಲು ತಟ್ಟುತ್ತಾಳೆ. ಎಲ್ಲ ನಿಂತಿದ್ದು ಇವಳು ಹೇಳುತ್ತಾಳೋ ಇಲ್ಲವೋ ಎಂಬುದರ ಮೇಲೆ.

ಪ್ರತಿ ಗುರುವಾರ ಹೋಗುತ್ತಿದ್ದೆ. ಕತೆ ಪುಸ್ತಕ, ಬಿಸ್ಕತ್ತು, ಬಣ್ಣದ ಪೆನ್ಸಿಲ್. ಅವಳು "ಥ್ಯಾಂಕ್ಸ್ ಮಿಸ್" ಎನ್ನುತ್ತಿದ್ದಳು, ಮತ್ತೆ ಕಾಲಿನ ಹೆಬ್ಬೆರಳು ನೋಡುತ್ತ ಕೂರುತ್ತಿದ್ದಳು. ನಾನು ನಮ್ಮ ಕಡೆಯವರು ಮಾಡುವುದನ್ನೇ ಮಾಡಿದೆ. ನಮ್ಮಲ್ಲಿ ಹೊಸ ಮುಖ ಕಂಡರೆ ನೀರು ಕೊಡುವ ಮೊದಲು ಕೇಳುವುದು, ಯಾವೂರು? ಯಾರ ಮನೆ? ಯಾರ ಮಗಳು? ಇದು ವಿಚಾರಣೆ ಅಲ್ಲ, ಪ್ರೀತಿ. ಭಂಡಿಗಡಿಯಿಂದ ತಂದದ್ದು ಅವರ ಅಜ್ಜಿಯನ್ನು, ನೆಮ್ಮಾರಿನ ಕಡೆ ಕೊಟ್ಟದ್ದು ಅವರ ಅತ್ತೆಯನ್ನು, ಹಾಗಾದರೆ ನೀನು ನಮಗೆ ಇಂಥದ್ದಾಗಬೇಕು ಎಂದು ನಂಟು ಹಿಡಿದರೇ ಸಮಾಧಾನ. ನಾನಂತೂ ಇದರಲ್ಲಿ ಎಕ್ಸ್‌ಪರ್ಟ್. ಎರಡು ತಲೆಮಾರಿಗೆ ಪಾಠ ಮಾಡಿದವಳು, ಮೂರೇ ಪ್ರಶ್ನೆಯಲ್ಲಿ ಯಾರನ್ನಾದರೂ ಅವರ ಜಗಲಿಯ ಮೇಲೆ ಕೂರಿಸಿಬಿಡುತ್ತೇನೆ. ನನಗೆ ಗೊತ್ತಿಲ್ಲದ ಮನೆ ಈ ಮೂರು ತಾಲೂಕಿನಲ್ಲಿ ಇಲ್ಲ ಎಂಬ ಜಂಬ ಬೇರೆ.

ಹುಡುಗಿಯ ಹತ್ತಿರ ಕೇಳಿದೆ, "ನಿನ್ನ ಅಮ್ಮನ ತವರು ಯಾವುದು, ಮರಿ?" ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ನನಗೆ ಅರ್ಥವಾಗಲಿಲ್ಲ. ಅವಳನ್ನು ಕರೆದುಕೊಂಡು ಹೋದವಳೂ ಇದೇ ಪ್ರಶ್ನೆ ಕೇಳಿ, ಹೀಗೇ ನಂಟು ಹಿಡಿದು ಕರೆದುಕೊಂಡು ಹೋಗಿದ್ದಳು ಎಂದು ಗೊತ್ತಾಗಲು ನನಗೆ ಮತ್ತೆಷ್ಟೋ ಗುರುವಾರ ಬೇಕಾಯಿತು.

ಇನ್ನು ಟೈಲರ್. ಎನ್.ಆರ್.ಪುರದ ಪೇಟೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ಸಣ್ಣ ರೂಮು, ಎರಡು ಮೆಷಿನ್ನು, ಹಿಂದೆ ಒಂದು ಒಳರೂಮು. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಾಳೆ. ನಲವತ್ತೈದು ಇರಬಹುದು. ಅವಳ ಜಾತಿಯವರು, ಬೇರೆಯವರು, ಇಡೀ ಪೇಟೆಯೇ ಅವಳನ್ನು "ಆಪಾ" ಎನ್ನುತ್ತದೆ, ಎಂದರೆ ಅಕ್ಕ. ಕೋರ್ಟಿಗೆ ಹೋಗುವ ದಿನಕ್ಕೆ ಹುಡುಗಿಗೊಂದು ಡೀಸೆಂಟ್ ಡ್ರೆಸ್ ಇರಲಿ ಎಂದು ನಾನೇ, ಈ ಕೈಯಾರೆ, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕೆನೆ ಬಣ್ಣದ ಮೇಲೆ ಸಣ್ಣ ಹೂವಿನ ಬಟ್ಟೆ ನಾನೇ ಆರಿಸಿದ್ದೆ. ನಮ್ಮ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಭಾನುವಾರ ನಾವು ಹಾಕುತ್ತಿದ್ದಂಥದ್ದು.

ಆಪಾ ಬಟ್ಟೆ ನೋಡಿದಳು, ನನ್ನನ್ನು ನೋಡಿದಳು. ಹುಡುಗಿಯನ್ನು ಯಾವೂರು ಎಂದು ಕೇಳಲಿಲ್ಲ. ಟೇಪನ್ನು ಹುಡುಗಿಯ ಕೈಗೇ ಕೊಟ್ಟಳು.

"ನೀನೇ ಹಿಡ್ಕೋ. ನಾನು ಎಲ್ಲಿ ಅಂತೀನೋ ಅಲ್ಲಿ ಇಡು. ನಾನು ನಂಬರ್ ಓದ್ತೀನಿ, ಅಷ್ಟೇ."

ಭುಜ, ತೋಳು, ಉದ್ದ. ಒಂದು ಸಲವೂ ಮುಟ್ಟಲಿಲ್ಲ. ಅಳತೆಯೆಲ್ಲ ಮುಗಿದ ಮೇಲೆ ನಾನು ಕೇಳಿದೆ, "ಎಂತಕ್ಕೆ ಹಾಗೆ?"

"ಎಲ್ಲ ಹುಡುಗೀರಿಗೂ ಹಂಗೇ ಟೀಚರಮ್ಮ. ಈ ವಯಸ್ಸಲ್ಲಿ ಮುಟ್ಟಿದ್ರೆ ಉಸಿರು ಹಿಡ್ಕೊಂಡು ನಿಲ್ತವೆ. ಅಳತೆ ತಪ್ಪಾಗುತ್ತೆ."

ನನ್ನ ಎರಡು ದಿನದ ಟ್ರೇನಿಂಗ್, ನನ್ನ ಪೆನ್ಸಿಲ್ ಗೆರೆ, ಎಲ್ಲ ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ಚಿಂದಿ ಬಟ್ಟೆಯ ರಾಶಿಗೆ ಸೇರಿದ ಹಾಗಾಯಿತು. ಆಮೇಲೆ ಅವಳು ಹುಡುಗಿಯ ಕಡೆ ತಿರುಗಿ, "ನಿಂಗೆ ಈ ಬಟ್ಟೆ ಇಷ್ಟಾನಾ?" ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ನಾನು ನಗುನಗುತ್ತ ಇಷ್ಟ ಎಂದು ತಲೆ ಆಡಿಸುತ್ತಿದ್ದೆ, ಅವಳ ಪರವಾಗಿ. ಅವಳು ಮೆಲ್ಲಗೆ, "ಇಲ್ಲ" ಎಂದಳು. ಮತ್ತೆ, "ಕಡು ನೀಲಿ ಬೇಕು. ಜೇಬು ಬೇಕು" ಎಂದಳು.

"ಒಂದಾ, ಎರಡಾ?"

"ಎರಡು."

"ಎಷ್ಟು ಆಳ? ಕೈ ಪೂರ್ತಿ ಹೋಗ್ಬೇಕಾ, ಇಲ್ಲ ಬರೀ ಸ್ಟೈಲಿಗಾ?"

ಹುಡುಗಿ ನಕ್ಕಳು. ಎರಡು ತಿಂಗಳು ಬಿಸ್ಕತ್ತು ಹೊತ್ತವಳು ನಾನು. ಆ ನಗು ಹೋಗಿ ಬಿದ್ದದ್ದು ಆಪಾಳ ಮೇಲೆ.

ಆವತ್ತಿನಿಂದ ಗುರುವಾರ ಎಂದರೆ ಎನ್.ಆರ್.ಪುರ. ದೊಡ್ಡಮ್ಮನ ಒಪ್ಪಿಗೆ ಪಡೆದು, ಸಮಿತಿಯವರಿಗೂ ತಿಳಿಸಿ, ಹುಡುಗಿ ಹೊಲಿಗೆ ಕಲಿಯಲು ಹೋಗತೊಡಗಿದಳು. ನಾನು ಜೊತೆಯಲ್ಲಿ. ಅವರಿಬ್ಬರೂ ಮೆಷಿನ್ನಿನ ಮುಂದೆ, ನಾನು ಮೂಲೆಯ ಸ್ಟೂಲಿನ ಮೇಲೆ. ಮಿಸ್ ಎಂದು ಕರೆಸಿಕೊಳ್ಳುವವಳು ನಾನು, ಆಪಾ ಎಂದು ಕರೆಸಿಕೊಳ್ಳುವವಳು ಅವಳು. ಎರಡೂ ಪದ ಒಂದೇ ಬಾಯಿಂದ ಬರುತ್ತಿತ್ತು, ಆದರೆ ಒಂದಕ್ಕೆ ಬೆಂಚಿನಿಂದ ಎದ್ದು ನಿಂತ ಹಾಗೆ, ಇನ್ನೊಂದಕ್ಕೆ ಮಡಿಲಿಗೆ ಬಿದ್ದ ಹಾಗೆ.

ಆಪಾಗೆ ನನ್ನ ಒದ್ದಾಟ ಗೊತ್ತಾಗಿತ್ತೋ ಏನೋ. ಒಂದು ದಿನ ಒಂದು ರಾಶಿ ಬ್ಲೌಸು ನನ್ನ ಮಡಿಲಿಗೆ ಹಾಕಿದಳು.

"ಸುಮ್ನೆ ಕೂತು ನಮ್ಮನ್ನೇ ನೋಡ್ತೀರಲ್ಲ ಟೀಚರಮ್ಮ, ಹುಕ್ ಹಚ್ಚಿ."

"ನಾನು ಸಿಸ್ಟರುಗಳ ಹತ್ತಿರ ಎಂಬ್ರಾಯ್ಡರಿ ಕಲಿತವಳು, ಗೊತ್ತುಂಟಾ? ಪ್ರೈಜ್ ಬಂದಿದೆ."

"ಹಂಗಾದ್ರೆ ಹುಕ್ ಸುಲಭ."

ಹಚ್ಚಿದೆ. ಹುಡುಗಿ ಎದ್ದು ಬಂದು ನೋಡಿ, "ಮಿಸ್ ಎಷ್ಟು ನೀಟಾಗಿ ಹಾಕಿದಾರೆ!" ಎಂದಳು. ಆ ಒಂದು ಮಾತಿನಲ್ಲಿ ನಾನು ಕೊಪ್ಪದ ತನಕ ಬಸ್ಸಿನಲ್ಲಿ ತೇಲಿಕೊಂಡು ಬಂದೆ. ಮುಂದಿನ ಗುರುವಾರ ನೋಡಿದರೆ ಆಪಾ ಅದನ್ನೆಲ್ಲ ಬಿಚ್ಚಿ ಮತ್ತೆ ಹಚ್ಚಿದ್ದಳು. ನಾನು ಹುಕ್ಕನ್ನು ಎಡಕ್ಕೆ ಹಚ್ಚಬೇಕಾದ್ದನ್ನು ಬಲಕ್ಕೆ ಹಚ್ಚಿದ್ದೆ. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ಜಗಳ ಆಡಬಹುದಿತ್ತು.

ಕೋರ್ಟಿನ ದಿನ ಹತ್ತಿರ ಬಂತು. ನಾನು ಹುಡುಗಿಗೆ ಎಲ್ಲ ವಿವರಿಸಿದೆ. ಪರದೆ ಇರುತ್ತದೆ, ಆ ಹೆಂಗಸಿನ ಮುಖ ನಿನಗೆ ಕಾಣುವುದಿಲ್ಲ. ಸುಸ್ತಾದರೆ ಬ್ರೇಕ್ ಕೇಳಬಹುದು. ಪ್ರಶ್ನೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಬಹುದು. ನಿನ್ನ ಪಕ್ಕ ನಿನಗೆ ನಂಬಿಕೆ ಇರುವವರು ಕೂರಬಹುದು.

ಅವಳು ನೀಲಿ ಬಟ್ಟೆಯ ಅಂಚು ಮಡಚುತ್ತ ಕೇಳಿದಳು, "ಆಪಾ ಕೂರಬಹುದಾ ಮಿಸ್?"

"ನೋಡುವಾ," ಎಂದೆ. "ರೂಲ್ಸ್ ನೋಡಬೇಕು."

ರೂಲ್ಸ್ ನನಗೆ ಬಾಯಿಪಾಠ ಇತ್ತು. ಎರಡು ಗೆರೆ ಎಳೆದವಳು ನಾನು. ಕೂರಬಹುದು ಎಂದು ಗೊತ್ತಿತ್ತು. ನಾನೊಂದು ಅರ್ಜಿ ಬರೆದು ಸರ್ಕಾರಿ ವಕೀಲರಿಗೆ ಕೊಟ್ಟರೆ ಮುಗಿಯಿತು. ಬರೆಯಲಿಲ್ಲ. ಒಂದು ವಾರ ಬರೆಯಲಿಲ್ಲ, ಎರಡು ವಾರ ಬರೆಯಲಿಲ್ಲ.

ಈಗ ಆ ಹಳೆಯದನ್ನು ಹೇಳಬೇಕು. ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದ ಹುಡುಗಿಯೊಬ್ಬಳು ಬೇಸಿಗೆ ರಜೆ ಮುಗಿದರೂ ಬರಲಿಲ್ಲ. ಬಂದದ್ದು ಐದಾರು ತಿಂಗಳಾದ ಮೇಲೆ. ಅವಳ ಮಾವನೇ ಅವಳನ್ನು ಯಾವುದೋ ಊರಿಗೆ "ಕೆಲಸಕ್ಕೆ" ಕಳಿಸಿದ್ದನಂತೆ. ಕಾನ್ವೆಂಟಿಗೆ ಬಂದವರನ್ನು ಕೂರಿಸುವ ಪಾರ್ಲರಿನಲ್ಲಿ ವಿಚಾರಣೆ ನಡೆಯಿತು. ಮಾವನೂ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದ, ಕೈಯಲ್ಲಿ ಟೋಪಿ ಹಿಡಿದುಕೊಂಡು. ಪರದೆ ಇಲ್ಲ, ಏನಿಲ್ಲ. ಹೊರಗಿನಿಂದ ಬಂದಿದ್ದ ಹಿರಿಯ ಸಿಸ್ಟರಿಗೆ ಕನ್ನಡ ಬಾರದು, ನನ್ನ ಇಂಗ್ಲಿಷ್ ಚೆನ್ನಾಗಿತ್ತು. ಹದಿನಾಲ್ಕು ವರ್ಷದ ನನ್ನನ್ನು ಕರೆಸಿದರು. ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಅವಳಿಗೆ ಕೇಳಿದೆ, ಒಂದು ಪದವನ್ನೂ ಬಿಡದೆ, ಪರ್ಫೆಕ್ಟಾಗಿ. ಅವಳು ನನ್ನನ್ನೇ ನೋಡುತ್ತಿದ್ದಳು. ಒಂದಕ್ಕೂ ಉತ್ತರ ಕೊಡಲಿಲ್ಲ. ಮಾರನೇ ದಿನ ಮಾವನ ಜೊತೆಯೇ ಕಳಿಸಿಕೊಟ್ಟರು. ನನಗೆ ಒಂದು ಹೋಲಿ ಪಿಕ್ಚರ್, ಏಸುವಿನ ಪುಟ್ಟ ಚಿತ್ರ, ಕೊಟ್ಟು "ಗುಡ್ ಗರ್ಲ್" ಎಂದರು.

ಅದಕ್ಕೇ ಫೋನಿನಲ್ಲಿ ಅಷ್ಟು ಬೇಗ ಒಪ್ಪಿದ್ದು. ಈ ಸಲ ಮಗುವಿನ ಪಕ್ಕದಲ್ಲಿ ಕೂರುವವಳು ನಾನಾಗಬೇಕಿತ್ತು. ಆ ಜಾಗಕ್ಕೆ ನಾನು ಅರವತ್ತು ವರ್ಷದಿಂದ ಕಾದಿದ್ದೆ. ಕೇವಲ ಟೇಪನ್ನು ಕೈಗೆ ಕೊಟ್ಟದ್ದಕ್ಕೆ ಆಪಾ ಆ ಜಾಗದಲ್ಲಿ ಬಂದು ಕೂತರೆ ಹೇಗೆ? ಸತ್ಯ ಹೇಳಬೇಕೆಂದರೆ ನನಗೆ ಹುಡುಗಿಯ ಮೇಲೂ ಹೊಟ್ಟೆಕಿಚ್ಚಿತ್ತು. ಅವಳಿಗೆ ಪರದೆ ಇತ್ತು, ಜಡ್ಜ್ ಇದ್ದರು, ಒಂದು ಇಡೀ ಕಾನೂನು ಇತ್ತು. ನನ್ನ ಪಕ್ಕದ ಮಂಚದವಳಿಗೆ ನಾನೊಬ್ಬಳು ಇದ್ದೆ, ನಾನೂ ಇರಲಿಲ್ಲ.

ಮುಂದಿನ ಗುರುವಾರ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೆಯ ಸಹೋದ್ಯೋಗಿ ಸಿಕ್ಕಳು. ಹಿಂದಿ ಟೀಚರ್ ಆಗಿದ್ದವಳು, ಈಗ ಮೂರು ತಾಲೂಕಿನ ವಾರ್ತಾ ಇಲಾಖೆ. ಎನ್.ಆರ್.ಪುರದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಆ ದಿನ ಹುಡುಗಿ ದೊಡ್ಡಮ್ಮನ ಜೊತೆ ಮೊದಲೇ ಹೋಗಿದ್ದಳು.

"ಎಂತ ಮಾರಾಯ್ತಿ, ವಾರ ವಾರ ಎನ್.ಆರ್.ಪುರ? ಯಾರಾದ್ರೂ ಸಿಕ್ಕಿದ್ರಾ ಈ ವಯಸ್ಸಲ್ಲಿ?"

"ಸಿಗಲಿ ಬಿಡು, ನಿಂಗೆಂತ ಹೊಟ್ಟೆಕಿಚ್ಚಾ?" ಎಂದೆ. ಇಬ್ಬರೂ ನಕ್ಕೆವು.

"ಅಲ್ಲ, ಆ ಟೈಲರ್ ಆಪಾ ಹತ್ರ ಒಂದು ಹೊಸ ಕೂಸು ಹೊಲಿಗೆ ಕಲೀತಾ ಉಂಟಲ್ಲ? ಮೊನ್ನೆ ನಾನು ಬ್ಲೌಸು ಕೊಡ್ಲಿಕ್ಕೆ ಹೋಗಿದ್ದೆ. ಎಷ್ಟು ಚೆಂದ ನೋಡಿಕೊಳ್ತಾಳೆ ಮಾರಾಯ್ತಿ ಅವಳು, ಸ್ವಂತ ಮಗಳ ಹಾಗೆ. ಪುಣ್ಯಾತ್ಗಿತ್ತಿ. ಎಲ್ಲಿಂದ ಹುಡುಕಿ ತಂದಳೋ ಏನೋ. ಯಾರ ಮನೆ ಕೂಸು ಅದು?"

ನಾನು ಕಿಟಕಿ ಕಡೆ ತಿರುಗಿ ಸುಮ್ಮನಿರಬಹುದಿತ್ತು. ಪುಣ್ಯಾತ್ಗಿತ್ತಿ ಎಂಬ ಪದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಅವಳೆಂತ ತಂದದ್ದು? ಕೂಸನ್ನು ಅಲ್ಲಿಗೆ ಕರ್ಕೊಂಡು ಹೋದವಳು ನಾನು," ಎಂದೆ.

ಅಷ್ಟೇ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ಮನೆ ಹೇಳಲಿಲ್ಲ. ಆದರೆ ನಾನು ಈ ಕೋರ್ಟಿನ ಕೆಲಸ ಮಾಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಒಂದು ಸಲ ಅಗಲವಾಯಿತು, ಮತ್ತೆ ಸಣ್ಣದಾಯಿತು. "ಓ," ಎಂದಳು. ಆ "ಓ" ಬಸ್ಸಿನಿಂದ ನನ್ನ ಜೊತೆಯೇ ಇಳಿಯಿತು. ಒಂದು ಹುಡುಗಿ, ಅವಳ ಜೊತೆ ನಾನು. ನಮ್ಮ ಕಡೆ ನಂಟು ಹಿಡಿಯುವವರಿಗೆ ಇನ್ನೊಂದು ಪ್ರಶ್ನೆಯೂ ಬೇಡ. ಬೇರೆ ಊರಿನವರು ಮಾಡದ ತಪ್ಪು ಇದು. ಹೆಸರೇ ಹೇಳದೆ ಒಬ್ಬಳನ್ನು ಅವಳ ಜಗಲಿಯ ಮೇಲೆ ಕೂರಿಸಿಬಿಟ್ಟೆ.

ಮರುವಾರವೂ ದೊಡ್ಡಮ್ಮ ಹುಡುಗಿಯನ್ನು ಮೊದಲೇ ಬಿಟ್ಟು ಹೋಗಿದ್ದಳು. ನಾನು ಮೆಟ್ಟಿಲು ಹತ್ತಿದಾಗ ಅಂಗಡಿಯಲ್ಲಿ ಮೆಷಿನ್ ಸದ್ದಿರಲಿಲ್ಲ. ಆಪಾ ಒಬ್ಬಳೇ ಇದ್ದಳು.

"ಒಬ್ಬಳು ಬಂದಿದ್ಳು ಟೀಚರಮ್ಮ, ಈಗೊಂದು ಗಂಟೆ ಆಯ್ತು. ಬ್ಲೌಸ್ ಪೀಸ್ ತಂದಿದ್ಳು. ಅಳತೆ ಬ್ಲೌಸ್ ಕೊಡಮ್ಮ ಅಂದ್ರೆ ಇಲ್ಲ. ಕಣ್ಣು ಬರೀ ಒಳಗಡೆ. 'ಕೊಪ್ಪದ ಟೀಚರ್ ಕರ್ಕೊಂಡು ಬರ್ತಾರಂತಲ್ಲ, ಆ ಹುಡುಗಿ ಎಲ್ಲಿ?' ಅಂತ ಕೇಳಿದ್ಳು."

"ನೀನೇನಂದೆ?"

"ಯಾವ ಹುಡುಗಿ, ಇಲ್ಲಿ ಇರೋದು ನನ್ನ ತಂಗಿ ಮಗಳು ಅಂದೆ. ಬ್ಲೌಸ್ ಪೀಸ್ ಕೈಗೆ ಕೊಟ್ಟು ಮೆಟ್ಟಿಲು ತೋರಿಸಿದೆ."

ಹುಡುಗಿ ಒಳರೂಮಿನಲ್ಲಿ ಬಟ್ಟೆ ಮೂಟೆಗಳ ಹಿಂದೆ ಕೂತಿದ್ದಳು. ಬಾಗಿಲ ಸಂದಿಯಿಂದ ನೋಡಿದ್ದಳು. ಬಂದವಳು ಅವಳನ್ನು ಮಾರಿದ ಹೆಂಗಸಿನ ನಾದಿನಿ. ಅದನ್ನು ನನ್ನ ಕಿವಿಯಲ್ಲಿ ಹೇಳಿದಳು, ಆಮೇಲೆ ಹೇಳಿದ್ದು ಒಂದೇ ಮಾತು.

"ನಾನು ಕೋರ್ಟಿಗೆ ಬರಲ್ಲ ಮಿಸ್."

ಸ್ಟೂಲಿನ ಮೇಲೆ ಕೂತೆ. ಆಪಾಗೆ ಏನನ್ನಾದರೂ ಹೇಳಬೇಕಿತ್ತು. ಈ ಹುಡುಗಿಗೆ ಏನಾಗಿತ್ತು, ಯಾವ ಕೇಸು, ಒಂದನ್ನೂ ನಾನು ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಬಾಯಿ ತೆರೆದೆ. ಆಪಾ ಕೈ ಅಡ್ಡ ಹಿಡಿದಳು.

"ನೀವು ಹೇಳ್ಬೇಡಿ. ಅವಳಿಗೆ ಹೇಳ್ಬೇಕು ಅನ್ಸಿದ್ರೆ ಅವಳೇ ಹೇಳ್ತಾಳೆ."

ನಾನು ಪೆನ್ಸಿಲ್ ಹಿಡಿದು ಓದಿದ್ದು ಅವಳಿಗೆ ಓದದೆಯೇ ಗೊತ್ತಿತ್ತು. ಆ ಹೊತ್ತಿನಲ್ಲೂ, ನನ್ನ ತಪ್ಪು ನನ್ನ ಎದುರಿಗೇ ಮೂಟೆಗಳ ಹಿಂದೆ ಕೂತಿರುವಾಗಲೂ, ಅದಕ್ಕೂ ನನಗೆ ಉರಿಯಿತು.

ಅಲ್ಲಿಂದಲೇ ಸಮಿತಿಯವರಿಗೆ ಫೋನ್ ಮಾಡಿದೆ. ನಾನು ಬಸ್ಸಿನಲ್ಲಿ ಏನು ಹೇಳಿದೆ ಎಂಬುದನ್ನು ಇದ್ದ ಹಾಗೆ ಹೇಳಿದೆ. "ಹೆಸರು ಹೇಳಲಿಲ್ಲ" ಎಂದು ಸೇರಿಸಿದೆ. ಆ ಕಡೆ ನನ್ನ ಮಗಳಾಗುವಷ್ಟು ಚಿಕ್ಕವಳು. "ಮೇಡಂ," ಎಂದಳು, "ಹೆಸರೊಂದೇ ಅಲ್ಲ. ಮನೆ, ನೆಂಟರು, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಹೇಳುವಂತಿಲ್ಲ. ನಿಮಗೆ ಗೊತ್ತಿತ್ತಲ್ಲ?" ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ನಿಲ್ಲಿಸಿ ಬೈದವಳು, ಅಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬೈಸಿಕೊಂಡೆ. ಅವರು ಪೊಲೀಸರಿಗೆ ತಿಳಿಸಿದರು. ಆ ನಾದಿನಿಯನ್ನು ಕರೆಸಿ, ಇನ್ನು ಆ ಕಡೆ ಸುಳಿದರೆ ಸಾಕ್ಷಿಗೆ ಬೆದರಿಕೆ ಹಾಕಿದ ಕೇಸು ಬೀಳುತ್ತದೆ ಎಂದು ಎಚ್ಚರಿಸಿದರು. ಕೋರ್ಟಿಗೆ ಹೋಗುವ ದಿನ ಜೀಪಿನ ವ್ಯವಸ್ಥೆ ಆಯಿತು, ಜೊತೆಗೆ ಸಾದಾ ಸೀರೆಯಲ್ಲಿ ಒಬ್ಬ ಮಹಿಳಾ ಪೊಲೀಸ್. ಕಾನೂನು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಹುಡುಗಿ ಮಾತ್ರ ಬರಲ್ಲ ಎಂದದ್ದು ಬರಲ್ಲವೇ.

ನಾನು ಅವಳ ದೊಡ್ಡಮ್ಮನ ಮನೆಗೆ ಹೋದೆ. ಬಿಸ್ಕತ್ತು ಒಯ್ಯಲಿಲ್ಲ.

"ಅವರಿಗೆ ಗೊತ್ತಾದದ್ದು ನನ್ನಿಂದ, ಮರಿ. ಬಸ್ಸಿನಲ್ಲಿ ಬಾಯಿ ಬಿಟ್ಟೆ. ತಪ್ಪು ನನ್ನದು."

ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತಿತ್ತು, ಅರವತ್ತು ವರ್ಷದ ಹಿಂದೆ ಪಾರ್ಲರಿನಲ್ಲಿ ನೋಡಿದ್ದೆ. ಆಮೇಲೆ ಕೇಳಿದಳು, "ಯಾಕೆ ಹೇಳಿದ್ರಿ ಮಿಸ್?"

ಹದಿನಾಲ್ಕರಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಏನಾದರೊಂದು ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

"ಹೊಟ್ಟೆಕಿಚ್ಚಿಗೆ," ಎಂದೆ.

"ಯಾರ ಮೇಲೆ?"

"ಆಪಾ ಮೇಲೆ."

ಅವಳ ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ಬಗ್ಗಿ, ಮೊಣಕಾಲಿಗೆ ಮುಖ ಒತ್ತಿ, ಭುಜ ಅಲ್ಲಾಡುವಷ್ಟು ನಕ್ಕಳು. ಅತ್ತಳೋ ಎಂದು ಹೆದರಿ ನಾನು ಬಗ್ಗಿ ನೋಡಿದೆ. ನಗುತ್ತಲೇ ಇದ್ದಳು. "ನಮ್ಮ ಕ್ಲಾಸ್ ಹುಡುಗೀರ ಥರ, ಮಿಸ್ ನೀವು!"

"ಇನ್ನೂ ಒಂದುಂಟು," ಎಂದೆ. "ಆಪಾ ಕೂರಬಹುದಾ ಅಂತ ಕೇಳಿದ್ದೆಯಲ್ಲ. ಕೂರಬಹುದು. ಮೊದಲಿಂದಲೂ ಕೂರಬಹುದಿತ್ತು. ನಾನು ಸುಳ್ಳು ಹೇಳಿದೆ."

ಈ ಸಲ ಅವಳು ನಗಲಿಲ್ಲ. ಉಗುರಿನಿಂದ ನೆಲದ ಸಿಮೆಂಟಿನ ಗೆರೆಯೊಂದನ್ನು ಕೆರೆಯುತ್ತ ಕೂತಿದ್ದಳು. ಕೊನೆಗೆ, "ಆಪಾ ಒಳಗೆ ಬಂದ್ರೆ ನಾನು ಬರ್ತೀನಿ," ಎಂದಳು.

ಆ ಸಂಜೆ ಅರ್ಜಿ ಬರೆದೆ. ಇನ್ನೊಂದು ಹಾಳೆಯಲ್ಲಿ ನನ್ನನ್ನು ಬದಲಿಸಿ ಎಂದು ಸಮಿತಿಗೂ ಬರೆದೆ. ಯಾರಿರಬೇಕು ಎಂದು ಹೇಳುವ ಹಕ್ಕು ಮಗುವಿನದ್ದು. ಅವರು ಅವಳನ್ನೇ ಕೇಳಿದರು. ಅವಳು, "ಮಿಸ್ ಇರ್ಲಿ. ಹೊರಗೆ," ಎಂದಳಂತೆ.

ಕೋರ್ಟು ಇರುವುದು ಜಿಲ್ಲಾ ಕೇಂದ್ರದಲ್ಲಿ. ಬೆಳಿಗ್ಗೆ ಬೇಗ ಜೀಪು ಹೊರಟಿತು. ಹುಡುಗಿ ಕಡು ನೀಲಿ ಚೂಡಿದಾರದಲ್ಲಿ, ಎರಡೂ ಕೈ ಮಣಿಕಟ್ಟಿನ ತನಕ ಜೇಬಿನೊಳಗೆ. ಆಪಾ ಕಪ್ಪು ಬುರ್ಖಾದಲ್ಲಿ, ಮುಖದಲ್ಲಿ ಎಂದಿನ ಹಾಗೆ ಏನೂ ಇಲ್ಲ. ಆರೋಪಿಯನ್ನು ಬೇರೆ ಬಾಗಿಲಿನಿಂದ ಕರೆತಂದರು, ನಮಗೆ ಕಾಣಲಿಲ್ಲ. ಒಳಗೆ ಪರದೆ ಕಟ್ಟಿದ್ದರು. ನೆರಿಗೆ ಒಂದು ಕಡೆ ಜೋತುಬಿದ್ದಿತ್ತು. ಕದ ಮುಚ್ಚುವ ಮೊದಲು ನಾನು ಕಂಡದ್ದು ಅಷ್ಟೇ, ಮತ್ತೆ ಆಪಾ ಆ ಪರದೆಯ ನೆರಿಗೆಯನ್ನು ಟೈಲರ್ ಕಣ್ಣಿನಿಂದ ನೋಡಿ ಹುಬ್ಬು ಗಂಟಿಕ್ಕಿದ್ದು.

ನಾನು ಹೊರಗಿನ ಬೆಂಚಿನ ಮೇಲೆ, ಮೂವರ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು. ಕಾಯುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ನನ್ನಿಂದ ಕದಕ್ಕೆ ನಾಲ್ಕು ಹೆಜ್ಜೆ. ಒಮ್ಮೆ ಬ್ರೇಕ್ ಕೊಟ್ಟರು. ಹುಡುಗಿ ನೀರು ಕುಡಿಯಲು ಬಂದಳು, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು, ಮತ್ತೆ ಒಳಗೆ ಹೋದಳು. ಊಟದ ಹೊತ್ತು ಕಳೆದ ಮೇಲೆ ಕದ ತೆರೆಯಿತು. ಸರ್ಕಾರಿ ವಕೀಲರು ನನ್ನ ಕಡೆ ನೋಡಿ ತಲೆ ಆಡಿಸಿದರು. ಹೇಳಿದ್ದಳು. ಎಲ್ಲವನ್ನೂ.

ಬರುವಾಗ ಜೀಪಿನಲ್ಲಿ ನಾನು ಮುಂದೆ, ಡ್ರೈವರ್ ಪಕ್ಕ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಹುಡುಗಿ ಆಪಾಳ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು, ಕೈ ಇನ್ನೂ ಜೇಬಿನೊಳಗೇ. ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ನಾನು ಆಪಾಳನ್ನು ಬದಿಗೆ ಕರೆದು ಕೇಳಿದೆ, "ಹೇಗೆ ಹೇಳಿದಳು? ಹೆದರಿದಳಾ?"

"ಒಳಗಿನದ್ದು ಒಳಗೆ ಟೀಚರಮ್ಮ," ಎಂದಳು. ಟೀ ಲೋಟ ಕೆಳಗಿಟ್ಟು, "ನೀವು ತಂದ ಚಿತ್ರಾನ್ನ ಚೆನ್ನಾಗಿತ್ತು," ಎಂದಳು. ಉಪ್ಪು ಹೆಚ್ಚಾಗಿತ್ತು, ನನಗೆ ಗೊತ್ತು.

ತೀರ್ಪು ಇನ್ನೂ ಬಂದಿಲ್ಲ. ಹುಡುಗಿಯನ್ನು ಮತ್ತೆ ಮತ್ತೆ ಕರೆಸುವುದಿಲ್ಲ ಎಂದಿದ್ದಾರೆ. ಗುರುವಾರ ಈಗಲೂ ಹೋಗುತ್ತೇನೆ, ಸ್ಟೂಲಿನ ಮೇಲೆ ಕೂರುತ್ತೇನೆ, ಹುಕ್ಕನ್ನು ಎಡಕ್ಕೇ ಹಚ್ಚುತ್ತೇನೆ. ಹೊಟ್ಟೆಕಿಚ್ಚು ಹೋಗಿಲ್ಲ. ಅವಳು "ಆಪಾ" ಎಂದು ಕರೆದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚುತ್ತದೆ.

ಮೊನ್ನೆ ಬಸ್ಸಿನಲ್ಲಿ ಹಿಂದಿ ಟೀಚರ್ ಮತ್ತೆ ಪಕ್ಕಕ್ಕೆ ಬಂದು ಕೂತಳು. ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಅಲ್ಲ ಮಾರಾಯ್ತಿ, ಆವತ್ತು ಜೀಪಲ್ಲಿ ನಿನ್ನ ಜೊತೆ ಒಂದು ಕೂಸು ಇತ್ತಂತಲ್ಲ, ನಮ್ಮ ಪಕ್ಕದ ಮನೆಯವರು ನೋಡಿದ್ರಂತೆ. ಅದೇ ಅಲ್ವಾ, ಆಪಾ ಹತ್ರ ಇರೋದು? ಯಾರ ಮನೆ ಕೂಸು?"

ನನ್ನ ಬಾಯಲ್ಲಿ ಆ ಮನೆಯ ಹೆಸರಿತ್ತು, ಅಜ್ಜಿಯ ತವರಿತ್ತು, ಅತ್ತೆಯನ್ನು ಕೊಟ್ಟ ಊರಿತ್ತು. ನಂಟು ಪೂರ್ತಿ ಹಿಡಿದಿಟ್ಟಿದ್ದೆ.

"ಗೊತ್ತಿಲ್ಲ ಮಾರಾಯ್ತಿ," ಎಂದೆ.

ಅವಳು ಚಿಪ್ಸ್ ಅಗಿಯುವುದನ್ನು ನಿಲ್ಲಿಸಿದಳು. "ನಿಂಗೆ? ನಿಂಗೆ ಗೊತ್ತಿಲ್ಲದ ಮನೆ ಉಂಟಾ?"

"ಉಂಟು."

ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿ, ಮರುಕದಿಂದ ನನ್ನ ಮೊಣಕೈ ತಟ್ಟಿದಳು. "ಮರೆವು ಶುರುವಾಯ್ತು ನಿಂಗೆ. ವಯಸ್ಸಾಯ್ತು, ಪಾಪ."

"ಆಯ್ತು," ಎಂದು ಒಂದು ಚಿಪ್ಸ್ ತೆಗೆದುಕೊಂಡೆ.